ಖಾಲಿ ಬೆರಳು

ಇಳಕಲ್ಲಿನ ದವಾಖಾನೆಯಲ್ಲಿ ನಮ್ಮ ಪ್ರಯೋಗ ನಡೆದಿತ್ತು. ಕೈಯ ವಿಡಿಯೋ ನೋಡಿ ನಡುಕದ ಕಾಯಿಲೆಯನ್ನು ನಿಮಿಷದಲ್ಲೇ ಗುರುತಿಸುವಂತೆ ನಾನು ಒಂದು ಕಂಪ್ಯೂಟರ್ ಪ್ರೋಗ್ರಾಂ ಪಳಗಿಸಿದ್ದೆ. ಹಸೀನಾಬಿ ಎಂಬ ಹಿರಿಯಾಕೆ ಕ್ಯಾಮೆರಾದ ಮುಂದೆ ಕೂತ ಕೂಡಲೇ ಪರದೆಯ ಮೇಲೆ ‘ನಡುಕ’ ಎಂದು ಕೆಂಪಕ್ಷರ ಮೂಡಿತು. ಆಕೆಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

“ಹಂಗ ಬರೀಬ್ಯಾಡ್ರಿ, ಮಗ್ಗದವರು ಕೆಲಸಕ್ಕ ಕರಿಯೂದಿಲ್ಲ,” ಎಂದಳಾಕೆ. “ಸೀರಿ ಒಡಲಿಗೆ ಸೆರಗಿನ ಎಳಿ ಹೊಸೆದು ಕೂಡಸಾಕಿ ನಾ. ದಾರ ಇಲ್ಲಂದ್ರೂ ಬೆರಳು ಹೊಸೀತಾವ. ನಿಲ್ಲು ಅಂದ್ರ ನಿಲ್ತಾವ, ನೋಡ್ರಿ.”

ನಿಂತವು.

ಡಾಕ್ಟರು ಆಕೆಯ ಕೈ ಮಡಚಿ, ಬಿಡಿಸಿ, ಆಕೆಯನ್ನು ನಡೆಸಿಯೂ ನೋಡಿ, “ರೋಗ ಅಲ್ಲ, ರೂಢಿ,” ಎಂದರು.

ಸಂಜೆ ಮರಳುವಾಗ ಹುನಗುಂದದ ಬಸ್ಸಿನಲ್ಲಿ ನನ್ನ ಮೊಬೈಲಿನ ಚಾರ್ಜ್ ಮುಗಿಯಿತು. ಅದನ್ನು ಜೇಬಿಗಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತೆ. ಖಾಲಿ ಕೈಯಲ್ಲಿ ಹೆಬ್ಬೆರಳು ಮಾತ್ರ ಇಲ್ಲದ ಪರದೆಯನ್ನು ಮೇಲಕ್ಕೆ ಸರಿಸುತ್ತಲೇ ಇತ್ತು. ನಿಲ್ಲು ಅಂದೆ. ನಿಲ್ಲಲಿಲ್ಲ.