ಬೆನ್ನು ಗಟ್ಟಿಯಿರುವ ಚಾಕು

ನಮ್ಮ ಅಡುಗೆಮನೆಯಲ್ಲಿ ನಾಲ್ಕು ಚಾಕುಗಳೂ ಒಂದು ಈಳಿಗೆಯೂ ಇವೆ. ಮದುವೆಯಾಗಿ ಯಲಬುರ್ಗಾಕ್ಕೆ ಬಂದಂದಿನಿಂದ, ಅಂದರೆ ಇಪ್ಪತ್ತಾರು ವರ್ಷಗಳಿಂದ, ಇವುಗಳಲ್ಲಿ ಒಂದಲ್ಲ ಒಂದನ್ನು ನಾನು ಹಿಡಿಯದ ದಿನವಿಲ್ಲ. ಬದನೆಕಾಯಿ ಹೆಚ್ಚುತ್ತ ಜಗಳವಾಡಿದ್ದೇನೆ, ಉಳ್ಳಾಗಡ್ಡಿಯ ನೆಪದಲ್ಲಿ ನಿಜವಾದ ಅಳುವನ್ನೂ ಅತ್ತು ಮುಗಿಸಿದ್ದೇನೆ, ಚಾಕು ಹಿಡಿದ ಕೈಯನ್ನೇ ಬೀಸಿ ಬೀಸಿ ಗಂಡನಿಗೆ ಬುದ್ಧಿ ಹೇಳಿದ್ದೇನೆ. ಯಾರಿಗೂ ಅದರಿಂದ ಏನೂ ಅನ್ನಿಸಲಿಲ್ಲ. ಅಂಥ ನಾನು ಹೋದ ವರ್ಷ, ಅಂಗೈಯಗಲದ ಒಂದು ಮಡಚುವ ಚಾಕುವನ್ನು ಮುಂಜಾನೆಯ ವಾಕಿಂಗಿಗೆ ಒಯ್ಯುತ್ತೇನೆ ಎಂದ ಕೂಡಲೆ ಮನೆಗೆ ಮನೆಯೇ, ಓಣಿಗೆ ಓಣಿಯೇ ಗಾಬರಿಯಾಯಿತು. ಆ ಗಾಬರಿಯ ಕಥೆಯನ್ನು ನಿಮಗೆ ಹೇಳಬೇಕು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇಡೀ ದಿನ ಕುರ್ಚಿಯಲ್ಲಿ ಕುಳಿತು ಕುಳಿತು ನೆತ್ತರಿಗೆ ಸಕ್ಕರೆ ಸೇರಿತು. ಡಾಕ್ಟರು ಒಂದು ತಾಸು ನಡೆಯಿರಿ ಎಂದರು. ಔಷಧಿಯೆಂದು ಶುರುವಾದ ನಡಿಗೆ ತಿಂಗಳೊಪ್ಪತ್ತಿನಲ್ಲಿ ಚಟವಾಯಿತು. ಊರು ದಾಟಿದರೆ ಎರಡೂ ಕಡೆ ಎರೆಹೊಲ, ನಡುವೆ ಕರಿಯ ಡಾಂಬರು, ಮೇಲೆ ಇನ್ನೂ ಕಣ್ಣುಜ್ಜುತ್ತಿರುವ ಆಕಾಶ; ಹೆಂಡತಿಯೂ ಅಲ್ಲದ, ತಾಯಿಯೂ ಅಲ್ಲದ, ಯಾರ ಫೈಲಿಗೂ ಉತ್ತರ ಹೇಳಬೇಕಿಲ್ಲದ ಆ ಒಂದು ತಾಸಿನಲ್ಲಿ ನಾನು ಬರೀ ಎರಡು ಕಾಲಾಗಿರುತ್ತಿದ್ದೆ. ಗೆಳೆಯರೇ, ಆ ಸುಖವನ್ನು ಹೇಗೆ ಬಣ್ಣಿಸಲಿ?

ಒಂದು ಮುಂಜಾನೆ ಹಿಂದಿನಿಂದ ಬಂದ ಬೈಕೊಂದು ನನ್ನ ಪಕ್ಕದಲ್ಲಿ ನಿಧಾನವಾಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ ಸವಾರ, ಕುಷ್ಟಗಿ ದಾರಿ ಇದೇ ಏನ್ರಿ ಎಂದು ಕೇಳಿದ. ಹೌದೆಂದು ತಿರುಗುವಷ್ಟರಲ್ಲಿ ನನ್ನ ರಟ್ಟೆ ಅವನ ಕೈಯಲ್ಲಿತ್ತು. ನಾನು ಚೀರಿದೆ. ದೂರದಲ್ಲಿ ಟ್ರ್ಯಾಕ್ಟರ್ ಸದ್ದಾಯಿತು, ಅವನು ಟವೆಲ್ಲಿನೊಳಗಿಂದ ಕೇಳುವಂತೆ ನಗುತ್ತ ಹೋದ. ನಗುತ್ತ ಎಂಬುದನ್ನು ಗಮನಿಸಿ. ರಟ್ಟೆಯ ನೋವು ಎರಡು ದಿನಕ್ಕೆ ಹೋಯಿತು, ಆ ನಗೆ ಹೋಗಲಿಲ್ಲ. ಠಾಣೆಗೆ ಹೋಗಿ ದೂರು ಬರೆಸಿದೆ. ಗಾಡಿಯ ನಂಬರ್ ಕೇಳಿದರು. ನಾನು ನೋಡಿರಲಿಲ್ಲ.

ನನ್ನ ಗಂಡ ಕನ್ನಡ ಸಾಲಿಯ ಮಾಸ್ತರ, ಮಿದು ಮನುಷ್ಯ. ಅವರು ಒಂದು ದಿನ ಪೂರ್ತಿ ಯೋಚಿಸಿ ತೀರ್ಪು ಕೊಟ್ಟರು: "ಇನ್ನ ರಸ್ತೇಕ ಹೋಗೂದು ಬ್ಯಾಡ. ಮಾಳಿಗಿ ಮ್ಯಾಲ ಅಡ್ಡಾಡು. ಹವಾ ಅಲ್ಲೂ ಬರ್ತೈತಲ್ಲ?"

ಎಂಟು ದಿನ ಮಾಳಿಗೆಯ ಮೇಲೆ ಸುತ್ತಿದೆ. ಈ ಮೂಲೆಯಲ್ಲಿ ನೀರಿನ ಟ್ಯಾಂಕು, ಆ ಮೂಲೆಯಲ್ಲಿ ಒಣಹಾಕಿದ ಸಂಡಿಗೆ, ನಡುವೆ ಗಾಣದ ಎತ್ತಿನಂತೆ ನಾನು. ಒಂಬತ್ತನೆಯ ದಿನ ನಿಂತೆ. ತಪ್ಪು ಮಾಡಿದವನಿಗೆ ಇಡೀ ಜಿಲ್ಲೆಯ ರಸ್ತೆ, ಮಾಡದವಳಿಗೆ ಹದಿನಾರು ಹೆಜ್ಜೆಯ ಮಾಳಿಗೆ ಎಂಬ ಹಂಚಿಕೆಗೆ ನಾನು ಯಾವ ಕಾಗದದ ಮೇಲೂ ಸಹಿ ಹಾಕಿರಲಿಲ್ಲ. ಕೆಳಗಿಳಿದು ಬಂದು ಹೇಳಿದೆ: "ನಾಳಿಂದ ರಸ್ತೇಕ ಹೋಗ್ತೀನ್ರಿ. ಒಂದು ಚಾಕು ಇಟ್ಕೊಂಡ ಹೋಗ್ತೀನಿ."

"ಚಾಕು? ಏನ್ ಮಾತು ಅಂತ ಆಡ್ತಿ! ಜನ ಏನಂದಾರು?"

"ಆಂವ ಕೈ ಹಿಡದಾಗ ಜನ ಏನೂ ಅಂದಿಲ್ಲಲ್ರಿ."

ಚಾಕು ಆರಿಸುವುದು ಸೀರೆ ಆರಿಸುವುದಕ್ಕಿಂತ ಕಷ್ಟವೆಂದು ಆಮೇಲೆ ತಿಳಿಯಿತು. ಬಜಾರಿನ ಪಾತ್ರೆಯಂಗಡಿಯವನು "ಅಕ್ಕಾರ, ಹಣ್ಣ ಕೊಯ್ಯಾಕೇನ್ರಿ?" ಎಂದು ಗುಲಾಬಿ ಹಿಡಿಕೆಯ ಒಂದನ್ನು ಕೊಟ್ಟ, ಅದು ಮಡಚುವುದಕ್ಕಿಂತ ಹೆಚ್ಚಾಗಿ ಬಾಗುತ್ತಿತ್ತು. ಕಚೇರಿ ಕೆಲಸಕ್ಕೆಂದು ಗಂಗಾವತಿಗೆ ಹೋದಾಗ ಅಲ್ಲಿ ಎರಡು ಕೊಂಡೆ. ಒಂದು ಫಳಫಳ ಹೊಳೆಯುವಂಥದು. ಮನೆಯಲ್ಲಿ ಹಳೆಯ ಹಗ್ಗವೊಂದನ್ನು ಕೊಯ್ದು ನೋಡುವಾಗ ಅದು ತಾನೇ ಮಡಚಿಕೊಂಡು ನನ್ನ ತೋರುಬೆರಳನ್ನೇ ಕಚ್ಚಿತು. ಇನ್ನೊಂದು, ಗುಂಡಿ ಒತ್ತಿದರೆ ಚಿಮ್ಮುವಂಥದು. ಅದು ಯಾರೂ ಒತ್ತದೆಯೂ ನನ್ನ ಚೀಲದೊಳಗೆ ಚಿಮ್ಮಿ ಟಿಫಿನ್ ಡಬ್ಬಿಯ ಬಟ್ಟೆಯನ್ನು ಹರಿದಿತ್ತು. ಗಂಡ ಬೆರಳಿಗೆ ಅರಿಸಿನ ಹಚ್ಚಿದರು. ಹಚ್ಚುವ ರೀತಿಯಲ್ಲೇ ಒಂದು ಗೆಲುವಿತ್ತು.

ಆಗ ನೆನಪಾದವರು ವಿರೂಪಣ್ಣ ಕಾಕಾ. ನನ್ನ ತವರು ಕಿನ್ನಾಳ. ಕಾಕಾ ನಮ್ಮ ತವರುಮನೆಯ ಪಕ್ಕದವರು, ಹಗುರ ಕಟ್ಟಿಗೆಯಲ್ಲಿ ಗೊಂಬೆ ಕೆತ್ತುತ್ತ ಎಪ್ಪತ್ತು ದಾಟಿದವರು. ಭಾನುವಾರದ ಬಸ್ಸಿಗೆ ಹೋಗಿ ಅವರ ಮುಂದೆ ಗಂಗಾವತಿಯ ಎರಡೂ ಚಾಕುಗಳನ್ನಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಅಯ್ಯೋ ಎನ್ನಲಿಲ್ಲ, ಒಂಟಿಯಾಗಿ ಯಾಕೆ ಹೋದಿ ಎಂದೂ ಕೇಳಲಿಲ್ಲ. ಅಷ್ಟಕ್ಕೇ ನನಗೆ ಕಣ್ಣು ತುಂಬಿತು.

"ನೀ ಅಲಗಿನ ಬಾಯಿ ನೋಡಿ ತಗೊಂಡೀದಿ ಮಗಳ," ಎಂದರು. "ಮಡಚೂ ಚಾಕೂದು ಬೆನ್ನು ನೋಡಬೇಕು. ಬಿಚ್ಚಿದ ಮ್ಯಾಲ ಬೆನ್ನ ಮ್ಯಾಲ ಒತ್ತಿದ್ರ ಅದು ಮಡಚಬಾರದು. ಮಡಚಿಟ್ಟಾಗ ಕಿಸೇದಾಗ ಅದು ತಾನ ಬಿಚ್ಚಬಾರದು. ಹಿಡಿಕಿ ಬೆವರಿಗೆ ಜಾರಬಾರದು. ಹೊಳಪು ಕಟಕೊಂಡು ಏನ್ ಮಾಡ್ತಿ?"

ಬಣ್ಣದ ಬಟ್ಟಲುಗಳ ಹಿಂದಿನಿಂದ ತಮ್ಮದೇ ಒಂದು ಚಾಕು ತೆಗೆದರು. ಮಂಕು ಬಣ್ಣ, ಒರಟು ಹಿಡಿಕೆ. ಬಿಚ್ಚಿದಾಗ ಟಕ್ ಎಂದಿತು. ಅವರು ಅದರ ಬೆನ್ನನ್ನು ಕಟ್ಟಿಗೆಯ ದಿಮ್ಮಿಗೆ ಕುಟ್ಟಿದರು, ಅಲುಗಾಡಿಸಿದರು. ಅದು ಒಂದೇ ತುಂಡಿನ ಉಕ್ಕಿನ ಹಾಗೆ ನಿಂತಿತ್ತು. ಹಿಡಿಕೆಯೊಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಸರಿಸಿದರಷ್ಟೇ ಮಡಚಿತು. ಆ ಮಧ್ಯಾಹ್ನ ನನ್ನಿಂದ ನೂರು ಸಲ ಬಿಚ್ಚಿಸಿ ಮಡಚಿಸಿದರು. ಬಸ್ಸಿಗೆ ಹೊರಟಾಗ ಅದನ್ನು ನನ್ನ ಕೈಯಲ್ಲೇ ಬಿಟ್ಟು ಹೇಳಿದರು: "ಮೊದ್ಲ ಓಡು. ಆಮ್ಯಾಲ ಒದರು. ಇದು ಕಡೀಕ. ಆದ್ರ ಕಡೀಕ ಬಂದಾಗ ಕೈ ನಡಗಬಾರದು."

ನಡುಗುವುದಿಲ್ಲವೇ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮರುದಿನ ರಸ್ತೆಗಿಳಿದೆ. ಮನುಷ್ಯನ ಮೇಲೆ ಎತ್ತಲು ನನ್ನಿಂದ ಆದೀತೆಂದು ನಾನು ಎದೆ ತಟ್ಟಿ ಹೇಳಲಾರೆ. ಆದರೆ ಮುಷ್ಟಿಯೊಳಗೆ ಅದರ ಒರಟು ಹಿಡಿಕೆ ಇದ್ದಾಗ ನನ್ನ ಬೆನ್ನಹುರಿ ತಾನಾಗಿ ನೆಟ್ಟಗಾಗುತ್ತಿತ್ತು. ಓಣಿಯವರು ನನಗೊಂದು ಹೆಸರಿಟ್ಟರು, ಚಾಕೂಬಾಯಿ ಎಂದು. ಇಟ್ಟುಕೊಳ್ಳಲಿ ಬಿಡಿ.

ಎರಡು ತಿಂಗಳ ಮೇಲೆ ಒಂದು ಮುಂಜಾನೆ, ನನ್ನನ್ನು ದಾಟಿಹೋದ ಬೈಕು ನೂರು ಮಾರು ದೂರದಲ್ಲಿ ಓಲಾಡಿ ಬಿತ್ತು. ಅದರ ಮೇಲಿದ್ದವರು ಗಂಡ ಹೆಂಡತಿ; ಹಿಂದೆ ಕುಳಿತಿದ್ದ ಹೆಂಡತಿಯ ಸೆರಗು ಚಕ್ರಕ್ಕೆ ಸುತ್ತಿ ಕೊರಳಿಗೆ ಬಿಗಿದಿತ್ತು. ಗಂಡ ದಿಕ್ಕು ತೋಚದೆ ಸೆರಗು ಜಗ್ಗುತ್ತಿದ್ದ, ಜಗ್ಗಿದಷ್ಟೂ ಅದು ಬಿಗಿಯುತ್ತಿತ್ತು. ಆಕೆಯ ಮುಖ ಕಪ್ಪಿಟ್ಟಿತ್ತು. ನಾನು ಓಡಿಹೋಗಿ ಚಾಕು ಬಿಚ್ಚಿದ್ದು ಕಂಡು ಅವನು ಎರಡೂ ಕೈ ಮೇಲೆತ್ತಿದ: "ಬ್ಯಾಡ್ರೀ ಅಕ್ಕಾರ, ಬ್ಯಾಡ್ರೀ!"

"ಸರೀಯೋ ಆಕಡೆ!" ಎಂದು ಗದರಿ, ಕೊರಳಿಗೂ ಬಟ್ಟೆಗೂ ನಡುವೆ ಎರಡು ಬೆರಳು ತೂರಿಸಿ, ಅಲಗನ್ನು ಹೊರಗೆ ಮಾಡಿ ಮೇಲಕ್ಕೆ ಎಳೆದೆ. ಸೆರಗು ಎರಡಾಯಿತು. ಆಕೆ ಕೆಮ್ಮಿ ಉಸಿರೆಳೆದಳು. ಗಂಗಾವತಿಯ ಆ ಹೊಳಪಿನ ಚಾಕುವಾಗಿದ್ದರೆ ನನ್ನ ಬೆರಳಿನ ಮೇಲೇ ಮಡಚಿಕೊಳ್ಳುತ್ತಿತ್ತು. ಆಮೇಲೆ ನೋಡಿಕೊಂಡೆ: ಕೈ ನಡುಗಿರಲಿಲ್ಲ.

ಆ ದಿನದಿಂದ ಚಾಕು ಪುಣ್ಯವಂತ ಚಾಕು ಆಯಿತು. ಹೆದರಿದ್ದವರೆಲ್ಲ ಬಂದು ಹೊಗಳಿದರು. ಗಂಡನ ಮುಖದಲ್ಲಿಯೂ ನಿರಾಳ. "ನೋಡು, ಎಂಥಾ ಛಲೋ ಕೆಲಸಕ್ಕ ಬಂತು! ನೀ ಏನೋ ಕೆಟ್ಟ ವಿಚಾರ ಮಾಡಿ ತಗೊಂಡಿದ್ದಿ, ದೇವರು ಛಲೋದಕ್ಕ ಹಚ್ಚಿದ."

ನನಗೆ ಸಿಟ್ಟು ನೆತ್ತಿಗೇರಿತು. ಇನ್ನೊಬ್ಬರ ಹಸಿವಿಗೆ, ಇನ್ನೊಬ್ಬರ ಜೀವಕ್ಕೆ ಒದಗಿದರೆ ಹೆಂಗಸಿನ ಕೈಯ ಚಾಕುವಿಗೆ ಹೂವೇರಿಸುತ್ತಾರೆ. ತನ್ನದೇ ಮೈಗಾವಲಿಗೆ ಹಿಡಿದರೆ ಮಾತ್ರ ಅದು ಕೆಟ್ಟ ವಿಚಾರ. "ಆಕೀ ಜೀವ ಉಳೀತು, ಭಾಳ ಸಂತೋಷರೀ," ಎಂದೆ. "ಆದ್ರ ನಾ ಇದನ್ನ ನನ್ನ ಸಲುವಾಗಿ ತಗೊಂಡೀನಿ. ನಂದೂ ಒಂದ್ ಜೀವ ಐತಿ."

ಅವರು ನನ್ನ ತೋರುಬೆರಳಿನ ಹಳೆಯ ಗಾಯವನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ತಪ್ಪಾತು," ಎಂದರು.

ವಾರದ ಮೇಲೆ ಆ ಹೆಣ್ಣುಮಗಳು ಮನೆಗೆ ಬಂದಳು. ಹೆಸರು ರೇಣವ್ವ, ಕೂಲಿಗೆ ಹೋಗುವವಳು, ಕೊರಳಲ್ಲಿ ಇನ್ನೂ ಕಂದುಗೆರೆ. ಚಹಾ ಕುಡಿದು, ನಾವಿಬ್ಬರೇ ಇದ್ದೇವೆಂದು ಖಾತ್ರಿ ಮಾಡಿಕೊಂಡು ಕೇಳಿದಳು: "ಅಕ್ಕಾರ, ಅಂಥಾ ಚಾಕು ಎಲ್ಲಿ ಸಿಗ್ತೈತ್ರಿ?"

"ನಿನಗ್ಯಾಕವಾ?"

"ನಿಮ್ಮ ಸುದ್ದಿ ಕೇಳೀನ್ರಿ. ಮುಖಕ್ಕ ಟವೆಲ್ ಸುತಗೊಂಡಂವ ನನಗೂ ಸಿಕ್ಕಿದ್ದರಿ. ಎರಡ ಸಲ. ಮನ್ಯಾಗ ಹೇಳಿಲ್ಲ. ಹೇಳಿದ್ರ ಕೂಲಿ ಬಿಡಸ್ತಾರ." ದನಿ ತಗ್ಗಿಸಿ ಮತ್ತೆ ಹೇಳಿದಳು: "ಗಾಡಿ ನಂಬರ್ ನೆನಪೈತ್ರಿ. ದಿನಾ ಹೊಲಕ್ಕ ಹೋಗೂವಾಗ ಬಾಯಾಗ ಅಂದುಕೋತ ಹೋಗ್ತೀನಿ, ಮರೀಬಾರದಂತ."

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಠಾಣೆಯಲ್ಲಿ ಆಕೆ ಒಂದೊಂದೇ ಅಂಕಿ ಹೇಳಿದಳು, ಬರೆದುಕೊಂಡರು, ಇಬ್ಬರೂ ರುಜು ಹಾಕಿದೆವು. ಐದನೆಯ ದಿನ ಅವನನ್ನು ಕರೆತಂದರು; ಟವೆಲ್ ಇಲ್ಲದ ಮುಖ ತೀರ ಸಾಧಾರಣವಾಗಿತ್ತು. ಅವನ ಆ ನಗೆಯನ್ನು ಗುರುತಿಸಲು ನಾನು ಕಾದೆ. ಅವನು ನಗಲೇ ಇಲ್ಲ. ಕೇಸು ಇನ್ನೂ ನಡೆದಿದೆ.

ಈಗ ಮುಂಜಾನೆ ಊರು ದಾಟುವ ತಿರುವಿನಲ್ಲಿ ರೇಣವ್ವ ಬುತ್ತಿಗಂಟು ಹಿಡಿದು ನಿಂತಿರುತ್ತಾಳೆ. ಆಕೆ ಕೂಲಿ ಮಾಡುವ ಹೊಲದವರೆಗೆ ಜೋಡಿ ನಡೆಯುತ್ತೇವೆ. ನಿನ್ನೆ ಹಿಂದಿನಿಂದ ಯಾರೋ ಗಾಡಿಯವನು ಹಾರ್ನ್ ಹೊಡೆದ. ನಾನು ರೂಢಿಯಂತೆ ಅಂಚಿಗೆ ಸರಿಯಹೊರಟೆ. ರೇಣವ್ವ ನನ್ನ ಮುಂಗೈ ಹಿಡಿದಳು.

"ಇರ್ರಿ ಅಕ್ಕಾರ. ರಸ್ತೆ ಅಗಲ ಐತಿ."

ಅವನು ಮತ್ತೊಮ್ಮೆ ಹಾರ್ನ್ ಹೊಡೆದ, ಕಾದ, ಕೊನೆಗೆ ನಮ್ಮನ್ನು ಬಳಸಿಕೊಂಡು ಹೋದ.