ಕಾಶೆವ್ವ ಉಂಡ ರೊಟ್ಟಿ

ಬಸ್ಸಿನ ಮೂತಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕಾಯಿ ಒಡೆದಾಗಿತ್ತು. ಊರವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗಲೇ ಮಧುಮತಿ ಮೇಡಂ ಆ ಮಾತು ಕೇಳಿದ್ದು. ಮುಂಡಗೋಡದ ಕಾಲೇಜಿನಲ್ಲಿ ಪಾಠ ಹೇಳುವ ಅವರು ಊರಿಗೆ ಬಂದ ಮೊದಲ ಬಸ್ಸಿನಲ್ಲೇ ಬಂದಿದ್ದರು. ಕಾಶೆವ್ವನ ಮಗ್ಗುಲಿಗೆ ನಿಂತು ಮೆಲ್ಲಗೆ, "ಬಸ್ಸೇನೋ ಬಂತ್ರೀ. ನಿರ್ಮಲಾನ್ನ ಯಾಕ ಕಾಲೇಜು ಬಿಡಿಸಿದ್ರಿ?" ಎಂದರು.

ಕಾಶೆವ್ವ ನಕ್ಕಳು. ಮೇಡಂ ತನ್ನ ಮಗಳ ಬದಲು ಬೇರೆ ಯಾವ ಹುಡುಗಿಯನ್ನೋ ನೆನೆಸಿಕೊಂಡಿದ್ದಾರೆ ಎಂದುಕೊಂಡಳು.

"ದೀಪಾವಳಿ ಆದಮ್ಯಾಲೆ ಆಕಿ ಕ್ಲಾಸಿಗೇ ಬಂದಿಲ್ರೀ. ಹಾಜರಿ ಇಲ್ಲ, ಪರೀಕ್ಷೆಗೆ ಕೂಡ್ಸಾಕ ಆಗೂದಿಲ್ಲ ಅಂತ ನಿಮ್ಮ ಮನಿಯವರಿಗೆ ಫೋನ್ ಮಾಡಿ ಹೇಳಿದ್ವಲ್ಲ."

ನಗು ಕಾಶೆವ್ವನ ಮುಖದ ಮೇಲೆ ಹಾಗೇ ಉಳಿಯಿತು. ತೆಗೆಯಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ.

ಆ ಬಸ್ಸು ಬಂದದ್ದೇ ನಿರ್ಮಲಾಳ ಸಲುವಾಗಿ. ಚಿಗಳ್ಳಿಯಿಂದ ಒಳಗೆ, ಕಾಡಿನ ಅಂಚಿಗಿರುವ ಊರು ಅವರದು. ಹತ್ತನೇ ಇಯತ್ತೆ ಮುಗಿದರೆ ಹುಡುಗಿಯರ ಓದು ಮುಗಿದ ಹಾಗೆ. ಚಿಗಳ್ಳಿತನಕ ನಡೆದು ಬಸ್ಸು ಹಿಡಿದು ಪಿಯುಸಿಗೆ ಹೋಗುತ್ತಿದ್ದವಳು ನಿರ್ಮಲಾ ಒಬ್ಬಳೇ. ಮಗಳು ಆ ದಾರಿ ನಡೆಯುವುದನ್ನು ನೋಡಲಾರದೆ ಕಾಶೆವ್ವ ಬಸ್ಸು ಬೇಕೆಂದು ಹೊರಟಳು. ಅರ್ಜಿ ಹಿಡಿದು ಒಬ್ಬಳೇ ಡಿಪೋಕ್ಕೆ ಹೋದಾಗ ಊರು ಅವಳನ್ನು ತಲೆಕೆಟ್ಟವಳು ಎಂದಿತು. ನಾಲ್ಕು ಹೆಂಗಸರನ್ನು ಕೂಡಿಸಿದಾಗ ಹಟಮಾರಿ ಎಂದಿತು. ದೀಪಾವಳಿ ಮುಗಿದ ಮೇಲೆ ಮುಂಡಗೋಡದಲ್ಲಿ ಟೆಂಟು ಹಾಕಿಸಿ ಧರಣಿ ಕೂತಾಗ ಗಂಡುಬೀರಿಯಾದಳು. ಪೇಪರಿನಲ್ಲಿ ಫೋಟೋ ಬಂದ ಮಾರನೇ ದಿನದಿಂದ ಅದೇ ಬಾಯಿಗಳು ಹೋರಾಟಗಾರ್ತಿ ಎನ್ನತೊಡಗಿದವು. ಬಸ್ಸಿನ ಹೋರಾಟ ಸಮಿತಿಯ ಅಧ್ಯಕ್ಷ ಶೇಖಪ್ಪನಂತೂ ಮೈಕು ಸಿಕ್ಕರೆ ಸಾಕು, ಅದಕ್ಕೆ 'ಕಟ್ಟಾ' ಸೇರಿಸಿ ಹೇಳುತ್ತಿದ್ದ.

ಅವಳಿಗಿದ್ದ ಚಿಂತೆ ಒಲೆಯದು. ಗಂಡ ಅಡಿವೆಯ್ಯ ಕುಡಿಯುವ ನೀರನ್ನೂ ತಾನೇ ತಗೊಂಡವನಲ್ಲ. ಅಂಥವನು ಟೆಂಟು ಹಾಕಿದ ದಿನ, "ಮನಿ ಚಿಂತಿ ಬಿಡು, ನಾವು ನೋಡ್ಕೋತೀವಿ" ಎಂದಿದ್ದ. ಹೇಳಿದಂತೆ ಮಧ್ಯಾಹ್ನವಾದರೆ ಮಗ ಕಿರಣಕುಮಾರ ಬೈಕಿನಲ್ಲಿ ರೊಟ್ಟಿ ಗಂಟು ತರುತ್ತಿದ್ದ. ಮೊದಮೊದಲು ದಪ್ಪ ರೊಟ್ಟಿ, ಅಂಚು ಸೀದಿರುತ್ತಿತ್ತು. "ಏನ್ ಕಾಶಕ್ಕಾ, ಅಯ್ಯನವರು ರೊಟ್ಟಿ ಬಡದಾರೋ, ಸಗಣಿ ಕುಳ್ಳು ತಟ್ಟ್ಯಾರೋ?" ಎಂದು ಟೆಂಟಿನ ಹೆಂಗಸರು ನಕ್ಕರೆ, ನಿಮ್ಮ ಗಂಡಂದಿರು ಅಷ್ಟಾದರೂ ತಟ್ಟಲಿ ನೋಡೋಣ ಎಂದು ಕಾಶೆವ್ವ ಅವರ ಬಾಯಿ ಮುಚ್ಚಿಸುತ್ತಿದ್ದಳು. ಬರಬರುತ್ತ ರೊಟ್ಟಿ ತೆಳ್ಳಗಾದವು. ಸಂಜೆ ಮನೆಗೆ ಬಂದರೆ ಪಾತ್ರೆ ತೊಳೆದಿರುತ್ತಿದ್ದವು, ಕೊಡ ತುಂಬಿರುತ್ತಿದ್ದವು, ಒಲೆ ಸಾರಿಸಿರುತ್ತಿತ್ತು. ನಿಮ್ಮಪ್ಪ ಎಷ್ಟು ಬದಲಾದ ನೋಡು ಎಂದು ಅವಳು ಮಗಳೆದುರು ಹಿಗ್ಗಿದ್ದಳು. ನಿರ್ಮಲಾ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಬೆಳಿಗ್ಗೆ ತಾಯಿ ಮೊದಲು ಹೊರಡುತ್ತಿದ್ದಳು, ಸಂಜೆ ತಡವಾಗಿ ಬರುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಮಗಳು ಎಲ್ಲಿದ್ದಳೆಂದು ಅವಳಿಗೆ ಹೇಳುವವರು ಯಾರು?

ಮೈಕಿನಲ್ಲಿ ಈಗ ಶೇಖಪ್ಪ ಅಡಿವೆಯ್ಯನನ್ನು ಕರೆಯುತ್ತಿದ್ದ. ಹೆಂಡತಿಯ ಹೋರಾಟಕ್ಕಾಗಿ ಒಲೆಯ ಮುಂದೆ ಕೂತ ತ್ಯಾಗಜೀವಿ, ತಾಲೂಕಿಗೇ ಮಾದರಿ ಎಂದ. ಅಡಿವೆಯ್ಯ ಮುಂದೆ ಬಂದು ಶಾಲು ಹೊದಿಸಿಕೊಂಡು ಕೈಮುಗಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಿರಣಕುಮಾರ.

ಕಾಶೆವ್ವ ಜನರನ್ನು ಸರಿಸಿಕೊಂಡು ಹಿಂದಕ್ಕೆ ಹೋದಳು. ಊರೂಟಕ್ಕೆಂದು ಹೂಡಿದ ಒಲೆಯ ಮುಂದೆ ನಿರ್ಮಲಾ ರೊಟ್ಟಿ ಬಡಿಯುತ್ತಿದ್ದಳು. ಕೈ ತಾನಾಗಿ ಆಡುತ್ತಿತ್ತು. ರೊಟ್ಟಿ ಕಾಗದದ ಹಾಗೆ ಹರಡುತ್ತಿತ್ತು. ಇಂಥ ಕೈ ಒಂದೆರಡು ದಿನಕ್ಕೆ ಬರುವುದಲ್ಲ.

"ಮೇಡಂ ಹೇಳಿದ್ದು ಖರೆ ಏನು?"

ನಿರ್ಮಲಾ ತಾಯಿಯ ಮುಖ ನೋಡಿದಳು. ಅಪ್ಪ ಹೇಳಬೇಡ ಅಂದಿದ್ದ, ಗೊತ್ತಾದರೆ ನೀನು ಟೆಂಟು ಬಿಟ್ಟು ಬರುತ್ತಿದ್ದೆ, ಬಸ್ಸು ಬರುತ್ತಿರಲಿಲ್ಲ ಎಂದಳು. ಆಮೇಲೆ ತವೆಯ ಮೇಲಿನ ರೊಟ್ಟಿ ಮಗುಚುತ್ತ, "ನನಗೂ ಬಸ್ ಬೇಕಾಗಿತ್ತವ್ವಾ" ಎಂದಳು.

ಕಾಶೆವ್ವ ತಿರುಗಿ ನಿಂತಳು. ಶಾಲು ಹೊದ್ದೇ ಅತ್ತ ಬಂದ ಗಂಡನನ್ನು, ಕಾಲೇಜಿನಿಂದ ಫೋನ್ ಬಂದಿತ್ತಂತಲ್ಲ ಎಂದು ಕೇಳಿದಳು. ತಡವರಿಸುತ್ತಾನೆ, ಕಣ್ಣು ತಪ್ಪಿಸುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

"ಹೌದು, ಬಂದಿತ್ತು. ಮನ್ಯಾಗ ಹೆಣ್ಣುಮಗಳು ಇದ್ದಾಗ ನಾ ರೊಟ್ಟಿ ಬಡೀಲೇನು? ಮುಂದಿನ ವರ್ಷ ಬರೀತಾಳ ಬಿಡು."

ಮಗಳ ವರ್ಷ ಹೋದದ್ದಕ್ಕಿಂತ ಆ ದನಿ ಅವಳನ್ನು ಹೆಚ್ಚು ನಡುಗಿಸಿತು. ಅದರಲ್ಲಿ ಅಳುಕೇ ಇರಲಿಲ್ಲ. ಮನೆಗೆಲಸ ಮನೆಯಲ್ಲಿ ಆಗಿತ್ತು, ಅವನ ಮಟ್ಟಿಗೆ ಅಷ್ಟೇ. ಅದಕ್ಕೆ ಶಾಲು ಸಿಕ್ಕಿದ್ದು ಕೂಡ ಅವನಿಗೆ ವಿಚಿತ್ರ ಅನಿಸಿದಂತಿರಲಿಲ್ಲ.

ಅವಳು ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಹಿಟ್ಟು ಕಲಸಿಟ್ಟಿದ್ದೇನೆ ಎಂದಳು ನಿರ್ಮಲಾ. ಇರಲಿ ಎಂದಳು ಕಾಶೆವ್ವ. ಬಸ್ಸು ತಿರುಗಿ ಹೊರಡುವುದರಲ್ಲಿತ್ತು. ಪರೀಕ್ಷೆಗೆ ಕೂಡಿಸುತ್ತಾರೇನೋ ಪ್ರಿನ್ಸಿಪಾಲರನ್ನು ಕೇಳಿ ನೋಡೋಣ, ಆದರೆ ಮಾತು ಕೊಡಲಾರೆ ಎಂದು ಮಧುಮತಿ ಮೇಡಂ ಮೊದಲೇ ಹೇಳಿ ಹತ್ತಿದರು. ಅವರ ಹಿಂದೆ ತಾಯಿ ಮಗಳು ಹತ್ತಿದ್ದನ್ನು ಕಂಡು ಶೇಖಪ್ಪ ಗಾಬರಿಯಾಗಿ ಕಿಟಕಿಯ ಹತ್ತಿರ ಓಡಿ ಬಂದ.

"ಕಾಶಕ್ಕಾ, ನೀವು ಹೊಂಟ್ರ ಪಂಕ್ತಿಗೆ ರೊಟ್ಟಿ ಬಡಿಯೋರು ಯಾರ್ರೀ?"

"ಅಯ್ಯನವರು ಬಡೀತಾರ್ರೀ. ಶಾಲು ಹೊದಿಸೀರಲ್ಲ."

ಜನ ಗೊಳ್ಳೆಂದು ನಕ್ಕರು. ಅಡಿವೆಯ್ಯನೂ ನಕ್ಕ. ಬಸ್ಸು ಹೊರಟು, ಹಿಂದೆ ಒಲೆಯ ಮುಂದಿನ ಜಾಗ ಖಾಲಿ ಉಳಿದದ್ದನ್ನು ಕಂಡ ಮೇಲೆ ಅವನ ನಗು ನಿಂತಿತು.

ನಿರ್ಮಲಾಳ ಕೈ ತೊಡೆಯ ಮೇಲಿತ್ತು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು, ಮಣಿಕಟ್ಟಿನ ಹತ್ತಿರ ತವೆ ತಾಗಿದ ಕಲೆ. ಕಾಶೆವ್ವ ಆ ಬೆರಳುಗಳನ್ನೇ ನೋಡುತ್ತ ಕೂತಳು. ಟೆಂಟಿನಲ್ಲಿ ಒಂದು ದಿನ ಗಂಟು ಬಿಚ್ಚಿದಾಗ ರೊಟ್ಟಿಯ ಮೇಲೆ ಬೆರಳಿನ ಗುರುತು ಸಣ್ಣಗೆ ಎದ್ದಿದ್ದವು. ಅಡಿವೆಯ್ಯನ ಬೆರಳು ಗುದ್ದಲಿಯ ಹಿಡಿಕೆಯಷ್ಟು ದಪ್ಪ. ಅವಳು ಆ ಗುರುತು ಕಂಡಿದ್ದಳು. ಆಗ ಯಾರೋ ಭಾಷಣ ಮಾಡುತ್ತಿದ್ದರು. ಹಸಿವೆಯೂ ಆಗಿತ್ತು. ಮುರಿದು ಉಂಡುಬಿಟ್ಟಿದ್ದಳು.

ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ.

"ಕಾಲೇಜಿಗ್ರೀ" ಎಂದಳು ನಿರ್ಮಲಾ.