ಮಾತಿನಮಲ್ಲನ ಪಾದ

ಆ ಕ್ಷೌರಿಕನಿಗೆ ಬೀದಿಯವರು ಇಟ್ಟ ಹೆಸರು ಮಾತಿನಮಲ್ಲ. ಇಪ್ಪತ್ತೆಂಟು ವರ್ಷ ನಿಂತೇ ಕತ್ತರಿ ಆಡಿಸಿದವನು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಶೂ ಒಳಗೆ ಎದ್ದ ಸಣ್ಣ ಮೊಳೆಯೊಂದು ಬಲಗಾಲಿನ ಹೆಬ್ಬೆರಳ ಬುಡವನ್ನು ಕೊರೆಯುತ್ತಿದ್ದದ್ದು ಮಾತ್ರ ಅವನಿಗೆ ತಿಳಿಯಲೇ ಇಲ್ಲ. ಹತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ಕದ್ದಿತ್ತು.

ಒಗೆಯಲು ಕಾಲುಚೀಲ ಎತ್ತಿಕೊಂಡ ಹೆಂಡತಿ ಗಾಬರಿಬಿದ್ದಳು. "ಏನ್ರೀ ಇದು, ರಕ್ತ!"

"ಕಾಲು ನಂದೇನಾ ನೋಡು, ನಂಗೆ ನೋವೇ ಇಲ್ವಲ್ಲ!"

ಕೈಗೆ ಸಿಕ್ಕ ಮುಲಾಮು ಹಚ್ಚುತ್ತ ತಿಂಗಳೊಂದು ದೂಡಿದ. ಹುಣ್ಣು ಮಾಯಲಿಲ್ಲ, ಸುತ್ತಲಿನ ಊತವೂ ಇಳಿಯಲಿಲ್ಲ. ಕೊನೆಗೆ ಹೆಂಡತಿಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡ್ರೆಸ್ಸಿಂಗ್ ಕೋಣೆಯ ನರ್ಸಮ್ಮ ಸತ್ತ ಚರ್ಮವನ್ನು ಕೆರೆದು ತೆಗೆಯುತ್ತ ಹೇಳಿದಳು: "ಗಾಯ ಆದಾಗ ಊತ ಬರೋದು ಒಳ್ಳೇದೇ ಅಣ್ಣ. ಮೈಯೊಳಗಿನ ಕಾವಲಿನವರು ಕ್ರಿಮಿ, ಕೊಳೆ ತೆಗೆಯೋಕೆ ಬರ್ತಾರೆ. ಕೆಲಸ ಮುಗಿಸಿ ಹೊರಟ್ರೆ ಹೊಸ ಚರ್ಮ ಕಟ್ಟೋಕೆ ಶುರು. ಸಕ್ಕರೆ ಜಾಸ್ತಿ ಇದ್ರೆ ಅವರು ಹೊರಡೋದೇ ಇಲ್ಲ. ಅಲ್ಲೇ ಕೂತು ಒಳ್ಳೇ ಮಾಂಸಾನೂ ಕೆಡಿಸ್ತಾರೆ."

"ಗೊತ್ತಾಯ್ತು ಬಿಡಿ! ಗಡ್ಡ ಬೋಳಿಸಿ ಮುಗಿದ್ರೂ ಪೇಪರ್ ಹಿಡ್ಕೊಂಡು ಕುರ್ಚಿ ಬಿಡದ ಗಿರಾಕಿಗಳು ಅನ್ನಿ!"

ನರ್ಸಮ್ಮ ನಕ್ಕುಬಿಟ್ಟಳು. ಆದರೆ ಆಜ್ಞೆ ಕಟ್ಟುನಿಟ್ಟಾಗಿತ್ತು. ಸಕ್ಕರೆ ಇಳಿಯಬೇಕು, ಮಾತ್ರೆ ತಪ್ಪಬಾರದು, ಬಲಗಾಲನ್ನು ನೆಲಕ್ಕೆ ಊರಲೇಬಾರದು.

ನಿಲ್ಲದೆ ಕ್ಷೌರ ಮಾಡುವುದು ಹೇಗೆ? ಉಪಾಯ ಹೊಳೆದದ್ದು ಹೆಂಡತಿಗೆ. ಗಿರಾಕಿಗೆ ಮಣೆಯಷ್ಟು ಗಿಡ್ಡ ಸ್ಟೂಲು, ಗಂಡನಿಗೆ ಚಕ್ರದ ಎತ್ತರದ ಸ್ಟೂಲು. ಅದರ ಪಕ್ಕಕ್ಕೆ ಹಲಗೆಯೊಂದನ್ನು ಕಟ್ಟಿ ಬಲಗಾಲನ್ನು ಚಾಚಿಸಿದಳು. ಅವನು ಎಡಗಾಲಲ್ಲಿ ಒದ್ದುಕೊಂಡು ತಲೆಯ ಸುತ್ತ ಜರ್ರನೆ ತಿರುಗುವುದನ್ನು ನೋಡಲೆಂದೇ ಜನ ಬರತೊಡಗಿದರು. ನಿವೃತ್ತ ಮೇಷ್ಟರೊಬ್ಬರು ಮಂಡಿ ಮಡಚಿ ಕೂತು, "ಚಿಕ್ಕಂದಲ್ಲಿ ಅಮ್ಮ ತಲೆ ಬಾಚಿದ ಹಾಗಿದೆ ಕಣಯ್ಯ" ಎಂದರು.

ದಿನಾ ಬೆಳಿಗ್ಗೆ, ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿಯಲ್ಲೇ ಅವನು ಅಂಗಾಲನ್ನು ನೋಡಿಕೊಳ್ಳುತ್ತಿದ್ದ. ಏಳನೇ ವಾರ ಊತ ಇಳಿಯಿತು. ಹುಣ್ಣಿನ ತಳದ ಮಾಸಲು ಹಳದಿ ಹೋಗಿ ಒದ್ದೆಯಾದ, ಹೊಳೆಯುವ ಕೆಂಪು ಕಂಡಿತು. "ಅಯ್ಯೋ, ಮತ್ತೆ ಕೆಂಪಾಗಿದೆ!" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಆಟೋ ಹಿಡಿದು ಆಸ್ಪತ್ರೆಗೆ ಧಾವಿಸಿದವನಿಗೆ, "ಇದು ಹೊಸ ಮಾಂಸ ಅಣ್ಣ, ಗೆದ್ರಿ!" ಎಂದಳು ನರ್ಸಮ್ಮ. ಮಾತಿನಮಲ್ಲ ಕಣ್ಣೊರೆಸಿಕೊಂಡು ನಕ್ಕ.

ಐದನೇ ತಿಂಗಳಿಗೆ ಗಾಯ ಪೂರ್ತಿ ಮುಚ್ಚಿತು. ಮೆತ್ತನೆಯ ಹೊಸ ಚಪ್ಪಲಿ ತೊಟ್ಟು ಎದ್ದು ನಿಂತವನೇ, ಡ್ರೆಸ್ಸಿಂಗ್ ಕೋಣೆಯ ಸಾಲಿನಲ್ಲಿ ಕೂತಿದ್ದವರ ಮುಂದೆ ಗಟ್ಟಿಯಾಗಿ ಹಾಡಿಬಿಟ್ಟ. ರಾಗ ಒಂದು ಕಡೆ, ತಾಳ ಒಂದು ಕಡೆ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬಳು, "ಇನ್ನೊಂದು ಹಾಡಪ್ಪ" ಎಂದಳು. ಹೆಂಡತಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅವನು ಇನ್ನೊಂದನ್ನು ಶುರುಮಾಡಿಯೇಬಿಟ್ಟ.